ಬರೆಯುವ ಹೊತ್ತನ್ನು ಮನೆಯಲ್ಲಿ ಕೇಳಿ ಪಡೆಯುವುದು

ಬರವಣಿಗೆಯ ಕುರಿತು ಓದುಗರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಥೆಯ ತಂತ್ರವನ್ನಾಗಲಿ ಪ್ರಕಟಣೆಯ ದಾರಿಯನ್ನಾಗಲಿ ಕೇಳಿರಲಿಲ್ಲ. ಹಿರಿಯರ ಆರೈಕೆ, ಮಕ್ಕಳ ಓದು, ಅಡುಗೆ, ನೆಂಟರಿಷ್ಟರು ಇವುಗಳ ನಡುವೆ ನಿಯಮದಿಂದ ಬರೆಯುವುದು ಹೇಗೆಂಬುದೇ ಬಹುತೇಕರ ಪ್ರಶ್ನೆಯಾಗಿತ್ತು. ಅವುಗಳಲ್ಲಿ ಐದನ್ನು ಆರಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಸಾಗರದ ಸಮೀಪದ ಹಳ್ಳಿಯೊಂದರಲ್ಲಿ ಕೂಡುಕುಟುಂಬದಲ್ಲಿದ್ದೇನೆ. ಅತ್ತೆಯವರು ಪಾರ್ಶ್ವವಾಯುವಿನಿಂದ ಮೂರು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ, ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಕಥೆ ಬರೆದು, ನೋಟ್‌ಬುಕ್ಕನ್ನು ಹೊಲಿಗೆ ಯಂತ್ರದ ಹೊದಿಕೆಯ ಅಡಿಯಲ್ಲಿ ಇಡುತ್ತಿದ್ದೆ. ಯಜಮಾನರಿಗೂ ಇದು ಸರಿಯಾಗಿ ಗೊತ್ತಿಲ್ಲ. ಒಂದು ರಾತ್ರಿ ಅತ್ತೆ ಮೂರು ಸಲ ಕರೆದದ್ದು ನನಗೆ ಕೇಳಿಸಲೇ ಇಲ್ಲ. ಹೋಗಿ ನೋಡಿದಾಗ ಹಾಸಿಗೆ ಒದ್ದೆಯಾಗಿತ್ತು, ಅವರು ಅಳುತ್ತಿದ್ದರು. ಅಂದಿನಿಂದ ನಾಲ್ಕು ತಿಂಗಳು ಪೆನ್ನು ಮುಟ್ಟಿಲ್ಲ. ನನ್ನಂಥವಳು ಬರೆಯುವುದು ತಪ್ಪೇ ಅಮ್ಮಾ? ತಪ್ಪಲ್ಲದಿದ್ದರೆ ಯಾವ ಹೊತ್ತಿನಲ್ಲಿ ಬರೆಯಲಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ನಾನು ನಾಲ್ಕು ಬಾರಿ ಓದಿದೆ. ಆ ರಾತ್ರಿ ನೀವು ದಣಿದು ನಿದ್ದೆ ಹೋಗಿದ್ದರೂ ಅತ್ತೆಯವರ ಕರೆ ನಿಮಗೆ ಕೇಳಿಸುತ್ತಿರಲಿಲ್ಲ. ಆಗ ಅದನ್ನು ಯಾರೂ, ನೀವು ಕೂಡ, ತಪ್ಪೆಂದು ಕರೆಯುತ್ತಿರಲಿಲ್ಲ. ಅಷ್ಟು ಜನರಿರುವ ಮನೆಯಲ್ಲಿ ರೋಗಿಯ ಕರೆಗೆ ಓಗೊಡುವ ಹೊಣೆ ಒಬ್ಬರ ಮೇಲೆಯೇ ಬಿದ್ದಿರುವುದು ಇಲ್ಲಿನ ನಿಜವಾದ ತೊಂದರೆ. ಬರವಣಿಗೆಯನ್ನು ನಿಲ್ಲಿಸಿದ್ದರಿಂದ ಆ ತೊಂದರೆ ಒಂದಿಷ್ಟೂ ಕಡಿಮೆಯಾಗಿಲ್ಲ, ಅತ್ತೆಯವರಿಗೆ ಅದರಿಂದ ಏನೂ ಸಿಕ್ಕಿಲ್ಲ.

ನಾನೂ ಮದುವೆಯಾದ ಮೊದಲ ಆರು ವರ್ಷ ಕದ್ದು ಬರೆದವಳು. ಹಾಗೆ ಬರೆದ ಬರಹದ ಮೇಲೆ ಅದರ ಗುರುತು ಹೇಗೆ ಉಳಿಯುತ್ತದೆ ಎಂಬುದನ್ನು ಬಲ್ಲೆ. ಆ ಕಾಲದ ನನ್ನ ಕಥೆಗಳು ನಿಧಾನವಾಗಿ ಆರಂಭವಾಗಿ ಕೊನೆಯಲ್ಲಿ ಅವಸರದಿಂದ ಮುಗಿದುಹೋಗುತ್ತವೆ, ಯಾಕೆಂದರೆ ಯಾರಾದರೂ ಎದ್ದು ಬರುವುದರೊಳಗೆ ಪುಟ ಮುಚ್ಚಬೇಕಿತ್ತು. ತಿದ್ದುವುದಂತೂ ಸಾಧ್ಯವೇ ಇರಲಿಲ್ಲ. ಮೊದಲ ಕರಡನ್ನು ಹೇಗಾದರೂ ಮುಚ್ಚಿಟ್ಟುಕೊಂಡು ಬರೆಯಬಹುದು. ಎರಡನೆಯ ಕರಡಿಗೆ ಹಾಳೆಗಳನ್ನು ಮುಂದೆ ಹರಡಿಕೊಂಡು, ಗಟ್ಟಿಯಾಗಿ ಓದಿ, ಬಿಟ್ಟು, ಮತ್ತೆ ಓದುವ ಅವಕಾಶ ಬೇಕು. ಅಡಗಿಸಿಟ್ಟ ನೋಟ್‌ಬುಕ್ಕಿಗೆ ಆ ಅವಕಾಶ ಎಂದೂ ಸಿಗುವುದಿಲ್ಲ.

ಕೊನೆಗೊಂದು ದಿನ ಧೈರ್ಯ ಮಾಡಿ, ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ನಾನು ಬರೆಯುತ್ತೇನೆ, ಆ ಹೊತ್ತಿನಲ್ಲಿ ನನ್ನನ್ನು ಕರೆಯಬೇಡಿ ಎಂದು ಮನೆಯಲ್ಲಿ ಹೇಳಿದೆ. ಯಜಮಾನರು ಆಗಲಿ ಎಂದರು, ಮಾವನವರು ಮಾತಾಡಲಿಲ್ಲ. ನನ್ನ ಓರಗಿತ್ತಿ ಮಾತ್ರ, "ನೀನು ಬರೆಯುವ ಹೊತ್ತಿನಲ್ಲಿ ಪಾತ್ರೆ ತೊಳೆಯುವವಳು ನಾನು, ಕಾಫಿಗೆ ಇಡುವವಳು ನಾನು. ನನ್ನ ಹೊತ್ತು ಯಾವುದು ಹೇಳು" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದೆರಡು ದಿನ ಮುಖ ಕೊಟ್ಟು ಮಾತಾಡಲೂ ಆಗಲಿಲ್ಲ. ಆಮೇಲೆ ವಿಚಾರಿಸಿದಾಗ, ಮದುವೆಯ ಮೊದಲು ಕಲಿಯುತ್ತಿದ್ದ ಸಂಗೀತವನ್ನು ಮುಂದುವರಿಸಬೇಕೆಂಬ ಆಸೆಯನ್ನು ಅವಳು ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದಾಳೆಂದು ತಿಳಿಯಿತು. ಸೋಮವಾರ, ಬುಧವಾರ, ಶುಕ್ರವಾರದ ಮಧ್ಯಾಹ್ನ ನನ್ನದು, ಮಂಗಳವಾರ ಮತ್ತು ಗುರುವಾರದ ಸಂಜೆ ಅವಳದು ಎಂದು ನಾವಿಬ್ಬರೂ ಹಂಚಿಕೊಂಡೆವು. ಮಳೆ ಬರಲಿ, ನೆಂಟರು ಬರಲಿ, ಆ ಹಂಚಿಕೆ ಹದಿನಾಲ್ಕು ವರ್ಷ ನಡೆಯಿತು. ವಾರಕ್ಕೆ ನಾಲ್ಕೂವರೆ ಗಂಟೆ ಹೆಚ್ಚೇನಲ್ಲ, ಆದರೆ ನನ್ನ ಮೂರು ಸಂಕಲನಗಳೂ ಆ ನಾಲ್ಕೂವರೆ ಗಂಟೆಗಳಲ್ಲೇ ಹುಟ್ಟಿದವು. ಕೇಳಿ ಪಡೆದ ಹೊತ್ತಿಗೆ ಒಂದು ಬಲವಿರುತ್ತದೆ. ಕೇಳುವಾಗ ಕೊಡಲೂ ಸಿದ್ಧರಿದ್ದರೆ ಮಾತ್ರ ಅದು ನಿಲ್ಲುತ್ತದೆ ಎಂಬುದನ್ನು ನನಗೆ ಕಲಿಸಿದವಳು ಓರಗಿತ್ತಿ.

ಇನ್ನು ನಿಮ್ಮ ದಿನದ ವಿಷಯ. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳಿರುತ್ತಾರೆ, ನೀವೂ ಅದನ್ನು ಮಾಡುತ್ತಿರಬಹುದು. ಹಾಗಿದ್ದರೆ ನಿಮ್ಮ ಹಗಲು ಈಗಾಗಲೇ ಎರಡೆರಡು ಗಂಟೆಗಳ ತುಂಡುಗಳಾಗಿ ಹಂಚಿಹೋಗಿದೆ. ಮಗ್ಗುಲು ಬದಲಿಸಿ, ಬಟ್ಟೆ ನೋಡಿ, ನೀರು ಕುಡಿಸಿ ಮುಗಿಸಿದ ತಕ್ಷಣದ ಮುಕ್ಕಾಲು ಗಂಟೆ ಅವರಿಗೆ ನಿಮ್ಮ ಅಗತ್ಯ ಅತಿ ಕಡಿಮೆ ಇರುವ ಹೊತ್ತು. ನಾವು ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಬಟ್ಟೆ ಮಡಚಿ, ಅಕ್ಕಿ ಆರಿಸಿ, ಬಿಡುವು ಉಳಿದರೆ ಬರೆಯೋಣ ಎಂದುಕೊಳ್ಳುತ್ತೇವೆ. ಕ್ರಮವನ್ನು ತಿರುಗಿಸಿ: ಮೊದಲ ಮುಕ್ಕಾಲು ಗಂಟೆ ಬರೆಯಿರಿ, ಆಮೇಲೆ ಬಟ್ಟೆ ಮಡಚಿ. ಬಟ್ಟೆ ಮಡಚುವಾಗ ಅತ್ತೆ ಕರೆದರೆ ಅರ್ಧಕ್ಕೆ ಬಿಟ್ಟು ಏಳಬಹುದು, ಮತ್ತೆ ಮುಂದುವರಿಸಬಹುದು, ಅದರಿಂದ ಬಟ್ಟೆಗೆ ನಷ್ಟವಿಲ್ಲ. ಅವರ ಕೈಗೆ ಎಟುಕುವಂತೆ ಒಂದು ಕರೆಗಂಟೆಯನ್ನು ಹಾಕಿಸಿ. ತಂತಿಯಿಲ್ಲದ ಗಂಟೆಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಕೈ ಆಡದಿದ್ದರೆ ದೇವರ ಮನೆಯ ಸಣ್ಣ ಗಂಟೆಯನ್ನು ಸರಿಯಿರುವ ಕೈಯ ಪಕ್ಕದಲ್ಲಿ ಕಟ್ಟಿದರೂ ಸಾಕು. ಅವರ ಕೂಗು ನನಗೆ ಕೇಳಿಸದಿದ್ದರೆ ಎಂಬ ಭಯ ಹೋಗದ ಹೊರತು ನಿಮ್ಮ ಮನಸ್ಸು ಹಾಳೆಯ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಈ ಗಂಟೆಯನ್ನು ಬರವಣಿಗೆಯ ಸಲಕರಣೆಗಳಲ್ಲಿ ಒಂದೆಂದೇ ತಿಳಿಯಿರಿ.

ರಾತ್ರಿ ಬರೆಯಬೇಡಿ. ರಾತ್ರಿಯ ನಿದ್ದೆಯನ್ನು ತೆತ್ತು ಬರೆದರೆ ಮರುದಿನ ಅದರ ಸಾಲವನ್ನು ಅತ್ತೆಯವರೂ ಮಗನೂ ನಿಮ್ಮ ಸಿಡುಕಿನ ರೂಪದಲ್ಲಿ ತೀರಿಸಬೇಕಾಗುತ್ತದೆ. ಯಜಮಾನರಿಗೆ ಎಲ್ಲವನ್ನೂ ಹೇಳಿ, ಅವರ ತಾಯಿಯ ರಾತ್ರಿಯ ಪಾಳಿಯಲ್ಲಿ ವಾರಕ್ಕೆ ಎರಡು ದಿನವಾದರೂ ಅವರು ಎದ್ದು ನೋಡಿಕೊಳ್ಳಲಿ. ಕಥೆಗಳು ಬೇರೆ ಹೆಸರಿನಲ್ಲಿ ಬರಲಿ ಎನಿಸಿದರೆ ಅದಕ್ಕೆ ನಾಚಬೇಕಾಗಿಲ್ಲ, 1939ರಲ್ಲಿ, ಇನ್ನೂ 27ರ ವಯಸ್ಸಿನಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರು ತಮ್ಮ ಕಥೆಗಳ ಕೆಳಗೆ ಗಂಡನ ಹೆಸರು ಸೇರಿಸಿ "ಮಿಸೆಸ್ ಬಿ. ಟಿ. ಜಿ. ಕೃಷ್ಣ" ಎಂದೇ ಸಹಿ ಮಾಡುತ್ತಿದ್ದರು. ಹೆಸರನ್ನು ಓದುಗರಿಂದ ಮರೆಮಾಡಿಕೊಳ್ಳಿ, ಚಿಂತೆಯಿಲ್ಲ. ಕೆಲಸವನ್ನು ಮನೆಯವರಿಂದ ಮರೆಮಾಡಬೇಡಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ, ವಯಸ್ಸು 47. ಕವಿತೆ, ಪ್ರಬಂಧ ಬರೆಯುತ್ತೇನೆ. ವಾರವಿಡೀ ಶಾಲೆ, ಭಾನುವಾರ ಮಾತ್ರ ಬಿಡುವು. "ಐತವಾರ ನೀವು ಮನಿಯಾಗ ಇದ್ದೂ ಇಲ್ಲದಾಂಗ" ಎಂದು ಮನೆಯವರು ಬೇಸರಿಸುತ್ತಾರೆ. ಬರೆಯುವವನಿಗೆ ಏಕಾಂತ ಬೇಕೆಂಬುದನ್ನು ಅವರಿಗೆ ತಿಳಿಸುವುದು ಹೇಗೆ?

ಉತ್ತರ: ಗುರುಗಳೇ, ನಿಮ್ಮ ಮನೆಯವರ ಮಾತಿನಲ್ಲಿ ದೂರಿಗಿಂತ ಒಂಟಿತನ ಹೆಚ್ಚಾಗಿ ನನಗೆ ಕೇಳಿಸಿತು. ಏಕಾಂತದ ಅಗತ್ಯವನ್ನು ಅವರಿಗೆ ವಿವರಿಸುವ ಮೊದಲು ಒಂದು ಲೆಕ್ಕವನ್ನು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಸಂಬಳವಿಲ್ಲದ ಆ ಕೆಲಸದಲ್ಲಿ ಕಳೆಯುತ್ತಾರೆ. ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ 97 ನಿಮಿಷ, ಮತ್ತು ಕೈ ಹಾಕುವ ಗಂಡಸರ ಸಂಖ್ಯೆಯೇ ಬಹಳ ಕಡಿಮೆ. ನಿಮ್ಮ ಭಾನುವಾರದ ಏಕಾಂತ ಸಾಮಾನ್ಯವಾಗಿ ಈ ಎರಡು ಅಂಕಿಗಳ ನಡುವಿನ ಅಂತರದಿಂದ ಬರುತ್ತದೆ. ಮಾಸ್ತಿಯವರು ಮೈಸೂರು ಸಂಸ್ಥಾನದ ಸರ್ಕಾರಿ ಸೇವೆಯಲ್ಲಿ ಸುಮಾರು ಮೂರು ದಶಕ ದುಡಿಯುತ್ತಲೇ ಅಷ್ಟೊಂದು ಬರೆದರು ಎಂಬುದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ಅವರು ಆರು ಹೆಣ್ಣುಮಕ್ಕಳ ತಂದೆಯೂ ಆಗಿದ್ದರು, ಆ ಮಕ್ಕಳಿಗೆ ದಿನವೂ ತಲೆ ಬಾಚಿದವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯ ಚರಿತ್ರೆ ಕೇಳುವುದಿಲ್ಲ. ಮಾಸ್ತಿಯವರ ಮೇಲಿನ ನನ್ನ ಗೌರವಕ್ಕೆ ಇದರಿಂದ ಕುಂದಿಲ್ಲ. ಆದರೆ ಆ ಪ್ರಶ್ನೆಯನ್ನು ನಮ್ಮ ನಮ್ಮ ಮನೆಗಳಲ್ಲಾದರೂ ಕೇಳಿಕೊಳ್ಳಬೇಕು.

ಭಾನುವಾರದ ಬೆಳಗನ್ನು ಪೂರ್ತಿಯಾಗಿ ಮನೆಗೆ ಬಿಟ್ಟುಕೊಡಿ. ಸಂತೆ, ತಿಂಡಿ, ಮಕ್ಕಳ ಲೆಕ್ಕದ ಪುಸ್ತಕ, ಇವು ಮಧ್ಯಾಹ್ನದವರೆಗೆ ನಿಮ್ಮವಾಗಲಿ. ಬರೆಯಲು ವಾರದಲ್ಲಿ ನಾಲ್ಕು ದಿನ ನಸುಕಿನಲ್ಲಿ ಐದಕ್ಕೆ ಎದ್ದು ಆರೂವರೆಯವರೆಗೆ ಕುಳಿತುಕೊಳ್ಳಿ. ಆ ಹೊತ್ತಿನ ಚಹಾವನ್ನು ನೀವೇ ಮಾಡಿಕೊಳ್ಳಬೇಕು. ಬರೆಯುವವರು ಏಳುವ ಮೊದಲೇ ಚಹಾ ಮಾಡಿಕೊಡುವವರೂ ಏಳಬೇಕಾದ ಮನೆಯಲ್ಲಿ ಬೇಸರ ತಪ್ಪಿದ್ದಲ್ಲ. ಇನ್ನೊಂದು ಮಾತನ್ನು ನಿಮ್ಮ ಪತ್ರದ ಸಾಲುಗಳ ನಡುವಿನಿಂದ ಊಹಿಸಿ ಹೇಳುತ್ತಿದ್ದೇನೆ, ತಪ್ಪಾಗಿದ್ದರೆ ಕ್ಷಮಿಸಿ. ಕವಿಗೋಷ್ಠಿ, ಪುಸ್ತಕ ಬಿಡುಗಡೆ, ಸನ್ಮಾನ, ತಾಲ್ಲೂಕು ಸಮ್ಮೇಳನ ಇವುಗಳಿಗೆ ಎಷ್ಟು ಭಾನುವಾರಗಳು ಹೋಗುತ್ತವೆ ಎಂದು ಕಳೆದ ವರ್ಷದ ದಿನಚರಿಯನ್ನು ತೆಗೆದು ಎಣಿಸಿ. ನನ್ನ ಅನುಭವದಲ್ಲಿ ಮನೆಯವರು ನಮ್ಮ ಬರವಣಿಗೆಗೆ ಬಿಟ್ಟುಕೊಟ್ಟ ಹೊತ್ತಿನಲ್ಲಿ ಅರ್ಧದಷ್ಟು ಸಾಹಿತ್ಯದ ಓಡಾಟಕ್ಕೆ ಖರ್ಚಾಗಿರುತ್ತದೆ. ತಿಂಗಳಿಗೆ ಒಂದೇ ಕಾರ್ಯಕ್ರಮ ಎಂದು ನಿಯಮ ಮಾಡಿಕೊಂಡರೆ ಮನೆಗೂ ಬರವಣಿಗೆಗೂ ಒಟ್ಟಿಗೇ ಹೊತ್ತು ಸಿಗುತ್ತದೆ.

ಪ್ರಶ್ನೆ: ದಿನವೂ ಬರೆಯಬೇಕೆಂದು ಯುಗಾದಿಗೆ ಸಂಕಲ್ಪ ಮಾಡುತ್ತೇನೆ. ಮದುವೆ, ಗೃಹಪ್ರವೇಶ, ಹಬ್ಬ, ತಿಥಿ ಒಂದಾದ ಮೇಲೊಂದು ಬಂದು ಎರಡೇ ತಿಂಗಳಲ್ಲಿ ತಪ್ಪಿಹೋಗುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಕೂರಲು ಮನಸ್ಸಾಗುವುದಿಲ್ಲ. (ಮೈಸೂರು)

ಉತ್ತರ: ನಿಮ್ಮ ನಿಯಮವನ್ನು ಗಡಿಯಾರ ನೋಡಿ ಮಾಡಿಕೊಂಡಿದ್ದೀರಿ, ಪಂಚಾಂಗ ನೋಡಿ ಮಾಡಿಕೊಳ್ಳಿ. ನಮ್ಮ ಮನೆಗಳ ವರ್ಷಕ್ಕೆ ಅದರದೇ ಆದ ಏರಿಳಿತವಿದೆ. ವೈಶಾಖ ಮತ್ತು ಜ್ಯೇಷ್ಠದಲ್ಲಿ ಮದುವೆ, ಉಪನಯನಗಳ ಸಾಲು. ಶ್ರಾವಣ ಹುಟ್ಟಿತೆಂದರೆ ಮಂಗಳಗೌರಿ, ವರಮಹಾಲಕ್ಷ್ಮಿ, ಭಾದ್ರಪದದಲ್ಲಿ ಗೌರಿ ಗಣೇಶ, ಅದರ ಬೆನ್ನಿಗೆ ಪಿತೃಪಕ್ಷ, ಆಮೇಲೆ ನವರಾತ್ರಿ, ಮೈಸೂರಿನಲ್ಲಂತೂ ಬೊಂಬೆ ಕೂರಿಸುವುದು, ಊರಿನಿಂದ ದಸರೆಗೆ ಬರುವ ನೆಂಟರು, ಕೊನೆಗೆ ದೀಪಾವಳಿ. ಈ ತಿಂಗಳುಗಳಲ್ಲಿ ದಿನಕ್ಕೆ ಒಂದು ಗಂಟೆ ಎಂದು ಹಟ ಹಿಡಿದರೆ ಸೋಲುವುದು ಖಂಡಿತ.

ಶುಭಕಾರ್ಯಗಳನ್ನು ಇಟ್ಟುಕೊಳ್ಳದ ಆಷಾಢವೂ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸವೂ ಬರೆಯುವವರ ಪಾಲಿಗೆ ವರ್ಷದ ಅತ್ಯಂತ ಒಳ್ಳೆಯ ತಿಂಗಳುಗಳು. ಮದುವೆಯ ಕರೆಯೋಲೆಗಳಿಲ್ಲ, ಉಡುಗೊರೆ ಕೊಳ್ಳುವ ಓಡಾಟವಿಲ್ಲ, ರೇಷ್ಮೆ ಸೀರೆಗಳು ಬೀರುವಿನಲ್ಲಿರುತ್ತವೆ. ಆಷಾಢದಲ್ಲಿ ಮಳೆಯಿಂದಾಗಿ ನೆಂಟರ ಬರವೂ ಕಡಿಮೆ. ಧನುರ್ಮಾಸದಲ್ಲಿ ಬೆಳಗಿನ ಪೂಜೆಗೆಂದು ಮನೆಯೇ ನಸುಕಿನಲ್ಲಿ ಏಳುತ್ತದೆ. ಹುಗ್ಗಿಯ ನೈವೇದ್ಯವಾಗಿ ಕೆಲಸ ಮುಗಿದರೂ ಇನ್ನೂ ಬೆಳಕು ಹರಿದಿರುವುದಿಲ್ಲ. ಹೊಸ ಕಥೆಯ ಕರಡು ಬರೆಯುವುದನ್ನು ಈ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ಹಬ್ಬದ ತಿಂಗಳುಗಳಲ್ಲಿ ತಿದ್ದುವುದು, ಓದುವುದು, ಟಿಪ್ಪಣಿ ಮಾಡುವುದು ಸಾಕು, ಅವಕ್ಕೆ ಕಾಲು ಗಂಟೆಯ ತುಣುಕುಗಳೂ ಒಗ್ಗುತ್ತವೆ. ಹಬ್ಬದ ಮನೆಯಲ್ಲಿ ಹೂರಣ ರುಬ್ಬುವಾಗ ದೊಡ್ಡಮ್ಮ, ಚಿಕ್ಕಮ್ಮಂದಿರು ಆಡುವ ಮಾತುಗಳನ್ನು ಕಿವಿಗೊಟ್ಟು ಕೇಳುವುದೂ ಬರೆಯುವವರ ಕೆಲಸವೇ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸಬೇಕೆಂದಿದ್ದರೆ ಕರಡು ಆಷಾಢದಲ್ಲೇ ಮುಗಿದಿರಲಿ, ಶ್ರಾವಣಕ್ಕೆ ಬಿಟ್ಟರೆ ಆಗುವುದಿಲ್ಲ.

ತಪ್ಪಿದ ಮೇಲೆ ಮತ್ತೆ ಕೂರುವುದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ. ಎದ್ದು ಹೋಗುವಾಗ ವಾಕ್ಯವನ್ನು ಪೂರ್ಣಗೊಳಿಸದೆ, ಮುಂದೆ ಏನು ಬರಬೇಕೆಂಬುದನ್ನು ಪೆನ್ಸಿಲಿನಲ್ಲಿ ಎರಡು ಸಾಲು ಗೀಚಿಟ್ಟು ಹೋಗುತ್ತೇನೆ. ಮೂರು ವಾರ ಬಿಟ್ಟು ಬಂದರೂ ಆ ಗೀಚು ಕೈ ಹಿಡಿದು ಕೂರಿಸುತ್ತದೆ.

ಪ್ರಶ್ನೆ: ಮೇಡಂ, ನ್ಯೂಜೆರ್ಸಿಯಲ್ಲಿದ್ದೇನೆ. ಎರಡು ವರ್ಷದ ಮಗು, ಪೂರ್ಣಾವಧಿ ಕೆಲಸ, ಸಹಾಯಕ್ಕೆ ಯಾರೂ ಇಲ್ಲ. ಮದುವೆಗೆ ಮೊದಲು ಕನ್ನಡದಲ್ಲಿ ಕಥೆ ಬರೆಯುತ್ತಿದ್ದೆ. ಈಗ ದಿನಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ. ಹೀಗೇ ಮುಗಿದುಹೋಗುತ್ತದೆಯೇ?

ಉತ್ತರ: ಇಲ್ಲಮ್ಮ, ಮುಗಿಯುವುದಿಲ್ಲ. ಎರಡು ವರ್ಷದ ಮಗುವಿನ ತಾಯಿ ದಿನವೂ ಬರೆಯಬೇಕೆಂದು ಹೇಳುವ ಎದೆ ನನಗಿಲ್ಲ, ಹಾಗೆ ಹೇಳುವವರ ಮಾತನ್ನು ನೀವು ಕೇಳಲೂ ಬೇಡಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಸಂಕಲನದ 12 ಕಥೆಗಳು 1990ರಿಂದ 2023ರವರೆಗಿನ ಮೂರು ದಶಕಗಳಲ್ಲಿ ಬರೆದವು. ಹಾಸನದಲ್ಲಿ ವಕೀಲಿಕೆ, ಹೋರಾಟ, ಸಂಸಾರ ಇವುಗಳ ಜೊತೆಗೆ ಬೆಳೆದ ಬರವಣಿಗೆ ಅದು. ಅನುಪಮಾ ನಿರಂಜನ ಅವರು ವೈದ್ಯೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ, 1971ರಲ್ಲಿ ಪತಿ ಪಾರ್ಶ್ವವಾಯುವಿಗೆ ತುತ್ತಾದ ಮೇಲೂ ಬರೆಯುತ್ತಲೇ ಇದ್ದರು. ನೀವೂ ಅವರಂತೆ ಆಗಬೇಕೆಂಬ ಒತ್ತಾಯಕ್ಕೆ ಈ ಮಾತನ್ನು ಹೇಳುತ್ತಿಲ್ಲ. ಬರವಣಿಗೆಯ ಆಯುಷ್ಯ ದೊಡ್ಡದು, ಮಗು ಕಂಕುಳಲ್ಲಿರುವ ವರ್ಷಗಳು ಅದರಲ್ಲಿ ಎರಡೋ ಮೂರೋ ಅಷ್ಟೇ.

ಈ ವರ್ಷಗಳಲ್ಲಿ ಉಳಿಸಿಕೊಳ್ಳಬೇಕಾದದ್ದು ಕನ್ನಡದ ಕಿವಿ. ಕೆಲಸಕ್ಕೆ ಕಾರು ಓಡಿಸುವಾಗ, ಬಟ್ಟೆ ಮಡಚುವಾಗ, ಮನಸ್ಸಿಗೆ ಬಂದ ಒಂದು ದೃಶ್ಯವನ್ನೋ ಮಾತನ್ನೋ ಫೋನಿನಲ್ಲಿ ನಿಮ್ಮ ದನಿಯಲ್ಲೇ ಹೇಳಿಟ್ಟುಕೊಳ್ಳಿ. ಫೋನಿನ ಕೀಲಿಮಣೆಯ ಮೈಕಿಗೆ ಕನ್ನಡದಲ್ಲಿ ಹೇಳಿದರೆ ಅದು ಅಕ್ಷರವಾಗಿಯೂ ಇಳಿಯುತ್ತದೆ; ಒತ್ತಕ್ಷರಗಳು ಅಲ್ಲಲ್ಲಿ ತಪ್ಪುತ್ತವೆ, ಅವನ್ನು ಆಮೇಲೆ ತಿದ್ದಿಕೊಳ್ಳಬಹುದು. ಮಗು ಮಲಗುವಾಗ ಕನ್ನಡದಲ್ಲೇ ಕಥೆ ಹೇಳಿ. ಅಲ್ಲಿ ನೀವು ಮಗುವಿಗೆ ತಾಯಿಯೂ ಹೌದು, ಕಥೆಗಾರ್ತಿಯೂ ಹೌದು. ಕೇಳುವವರ ಮುಖ ನೋಡುತ್ತ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ಅಭ್ಯಾಸ ಯಾವ ಕಮ್ಮಟದಲ್ಲೂ ಸಿಗದು. ಮಗು ಶಾಲೆಗೆ ಹೋಗುವ ವರ್ಷ ದಿನಕ್ಕೆ 200 ಪದಗಳಂತೆ ವಾರಕ್ಕೆ ನಾಲ್ಕು ದಿನ ಬರೆಯಲು ಆರಂಭಿಸಿ. ಮೂರು ವಾರದಲ್ಲಿ 2,400 ಪದಗಳಾಗುತ್ತವೆ, ಒಂದು ಮಾಸಪತ್ರಿಕೆಯ ಕಥೆಗೆ ಅಷ್ಟು ಸಾಕು.

ಪ್ರಶ್ನೆ: ನನ್ನ ಹೆಂಡತಿ ಕಾದಂಬರಿ ಬರೆಯುತ್ತಿದ್ದಾಳೆ. ನಾನು ಓದುವವನಲ್ಲ, ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಅವಳಿಗೆ ನಾನು ಹೇಗೆ ಸಹಾಯ ಮಾಡಬಹುದು?

ಉತ್ತರ: ಈ ಅಂಕಣಕ್ಕೆ ಇಂಥ ಪತ್ರ ಬಂದದ್ದು ಇದೇ ಮೊದಲು, ನಿಮ್ಮ ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನೀವು ಸಾಹಿತ್ಯ ಓದಬೇಕಾಗಿಲ್ಲ. ಅಂಗಡಿಗೆ ವಾರದ ರಜೆ ಇರುವ ದಿನ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಅಡುಗೆಮನೆ ನಿಮ್ಮದೆಂದು ಹೇಳಿಬಿಡಿ, ಮತ್ತು ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅವರನ್ನು ಕೇಳದೆ ಹುಡುಕಿಕೊಳ್ಳಿ. ಆ ಹೊತ್ತಿನಲ್ಲಿ ಅವರ ಫೋನು ನಿಮ್ಮ ಜೇಬಿನಲ್ಲಿರಲಿ. ಅವರ ತವರಿನಿಂದಲೋ ನಿಮ್ಮ ಅಕ್ಕನಿಂದಲೋ ಕರೆ ಬಂದರೆ, "ಅವಳು ಬರೆಯುತ್ತಿದ್ದಾಳೆ, ಊಟ ಆದ ಮೇಲೆ ಮಾಡುತ್ತಾಳೆ" ಎಂದು ನೀವೇ ಹೇಳಿ. ಈ ಮಾತನ್ನು ಹೆಂಡತಿ ಹೇಳಿದರೆ ನೆಂಟರಿಗೆ ಅದು ಅಹಂಕಾರವೆನಿಸುತ್ತದೆ. ಗಂಡ ಹೇಳಿದರೆ ಅದು ಮನೆಯ ಪದ್ಧತಿ ಎನಿಸುತ್ತದೆ. ಇದು ನ್ಯಾಯವಲ್ಲ, ಆದರೆ ಸದ್ಯಕ್ಕೆ ಹಾಗೇ ಇದೆ, ಅದರ ಪ್ರಯೋಜನ ಅವರಿಗೆ ಸಿಗಲಿ.

ಎಷ್ಟು ಪುಟ ಆಯಿತು, ಯಾವಾಗ ಮುಗಿಯುತ್ತದೆ, ಎಷ್ಟು ಹಣ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಡಿ. ಬಾಗಿಲಿಗೆ ಒಳ್ಳೆಯ ಚಿಲಕ ಹಾಕಿಕೊಡಿ, ಕುರ್ಚಿಯ ಎತ್ತರ ಮೇಜಿಗೆ ಸರಿಹೊಂದುತ್ತದೆಯೇ ನೋಡಿ, ಕರೆಂಟು ಹೋದಾಗ ಉರಿಯುವ ಒಂದು ದೀಪವನ್ನು ಅಂಗಡಿಯಿಂದ ತಂದುಕೊಡಿ. ಮುಂದೆ ಯಾವತ್ತಾದರೂ ಅವರಾಗಿಯೇ ಹಾಳೆಗಳನ್ನು ನಿಮ್ಮ ಕೈಗೆ ಕೊಟ್ಟು ಓದಿ ಎಂದರೆ, ಆ ಸಂಜೆ ಅಂಗಡಿಯನ್ನು ಒಂದು ಗಂಟೆ ಮೊದಲೇ ಮುಚ್ಚಿ ಮನೆಗೆ ಬನ್ನಿ.